ರಾಣಿ ಛಾಪಿನ ಕೋರಾ ರೂಪಾಯಿ

ಕಾಕಾ,

ಪ್ರೀತಿಯ ಎಂದು ಬರೆಯಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ. ಪೂಜ್ಯ ಎಂದು ಬರೆಯಲು ಮನಸ್ಸೇ ಬರಲಿಲ್ಲ. ಹಾಗಾಗಿ ಬರೀ ಕಾಕಾ. ನೀವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಮೊದಲು ‘ಫೋಟೋದಾಂವ’ ಎಂದಿರಿ, ಆಮೇಲೆ ಅದಕ್ಕೆ ‘ಕಳ್ಳ’ ಎಂದು ಬಾಲ ಹಚ್ಚಿದಿರಿ. ಈ ಕಾಗದ ಆ ಬಾಲದ ಬಗ್ಗೆಯೇ. ನಿಮಗೆ ಮುಟ್ಟಿಸಬೇಕಾದ ಸುದ್ದಿ ಒಂದಿದೆ, ಆದರೆ ಈಗಲೇ ಹೇಳುವುದಿಲ್ಲ. ಬಂದವರನ್ನು ಪಡಸಾಲೆಯ ಮೂಲೆಯಲ್ಲಿ ಕೂರಿಸಿ ಕಾಯಿಸುವುದನ್ನು ನಾನು ನಿಮ್ಮಿಂದಲೇ ಕಲಿತಿದ್ದೇನೆ. ಈಗ ನೀವು ಸ್ವಲ್ಪ ಕಾಯಿರಿ. ಅಲ್ಲಿ ನಿಮಗೆ ಬೇರೆ ಯಾವ ಕೆಲಸ ಹರಿದುಹೋಗುತ್ತಿದೆ?

ಎರಡು ತಿಂಗಳ ಹಿಂದೆ ನಿಮ್ಮ ಹಿರಿಯ ಮಗ ರಾಯಬಾಗದ ನನ್ನ ಸ್ಟುಡಿಯೋಗೆ ಬಂದಿದ್ದ. ಇಷ್ಟು ವರ್ಷ ನನ್ನ ಅಂಗಡಿ ಮುಂದೆ ಕಾರಿನ ಗಾಜು ಏರಿಸಿಕೊಂಡು ಹೋಗುತ್ತಿದ್ದವನು ಒಳಗೆ ಬಂದು, ಸ್ಟೂಲಿನ ಮೇಲೆ ಕೂತು, ನೀರು ಬೇಡಿ ಕುಡಿದ. ನಿಮ್ಮ ವರ್ಷಾಬ್ದಿಕಕ್ಕೆ ಚಿಕ್ಕೋಡಿಯ ನಾಣ್ಯ ಬಳಗದವರು ನಿಮ್ಮ ಸಂಗ್ರಹದ ಪ್ರದರ್ಶನ ಇಡುತ್ತಾರಂತೆ, ಪ್ರತಿಯೊಂದು ನಾಣ್ಯದ್ದೂ ದೊಡ್ಡ ಫೋಟೋ ಬೇಕಂತೆ. ಸಾಂಗಲಿಯಿಂದ ಒಬ್ಬನನ್ನು ಕರೆಸಿದ್ದರಂತೆ, ಅವನು ಫ್ಲ್ಯಾಶ್ ಹೊಡೆದು ಎಲ್ಲವನ್ನೂ ಸ್ಟೀಲಿನ ತಾಟು ಮಾಡಿಟ್ಟನಂತೆ. ‘ಹಿಂದಿಂದೆಲ್ಲಾ ಮರತ ಬಿಡ್ರಿ’ ಎಂದ. ಮರೆಯುವ ಹಕ್ಕು ಯಾರದು ಎಂಬುದೂ ಗೊತ್ತಿಲ್ಲದ ಮಗನನ್ನು ಬೆಳೆಸಿ ಹೋಗಿದ್ದೀರಿ. ಅವನು ತಂದ ತಟ್ಟೆಯನ್ನು ತೆರೆದೆ. ನೀಲಿ ಮಕಮಲ್ಲಿನಲ್ಲಿ ಸಾಲಾಗಿ ಕೂತ ರೂಪಾಯಿಗಳು, ನಟ್ಟನಡುವೆ ಒಂದು ಖಾಲಿ ಗುಳಿ, ಗುಳಿಯ ಕೆಳಗೆ ನಿಮ್ಮ ಮುತ್ತಿನಂಥ ಅಕ್ಷರದ ಚೀಟಿ: ‘ರಾಣಿ ಛಾಪ. ಕೋರಾ. ಫೋಟೋದವನಿಂದ ಕಳವು.’ ಇದನ್ನೂ ಹಾಗೇ ಇಡುತ್ತೀರಾ ಎಂದು ಕೇಳಿದೆ. ಅಪ್ಪನ ಕೈಬರಹ, ಕಿತ್ತರೆ ಚೆನ್ನಾಗಿರುವುದಿಲ್ಲ, ಮೇಲಾಗಿ ಖಾಲಿ ಗುಳಿ ನೋಡಲು ಜನ ಹೆಚ್ಚು ಬರುತ್ತಾರೆ ಎಂದ. ನನ್ನ ಕಳ್ಳತನವನ್ನು ಜಾಹೀರು ಮಾಡಲು ನನ್ನ ಕೈಯಲ್ಲೇ ಫೋಟೋ ತೆಗೆಸಲು ಬಂದಿದ್ದ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ನೀವು ಮೊದಲ ಸಲ ಸ್ಟುಡಿಯೋ ಮೆಟ್ಟಿಲು ಹತ್ತಿದ ದಿನ ಕಣ್ಣಿಗೆ ಕಟ್ಟಿದೆ. ಬಿಳಿ ಧೋತರ, ಕರಿ ಟೊಪ್ಪಿಗೆ, ಕಂಕುಳಲ್ಲಿ ಬಿಸ್ಕಿಟಿನ ಡಬ್ಬಿ. ನಿಪ್ಪಾಣಿಯ ತಂಬಾಕಿನ ವಖಾರವನ್ನು ಮಕ್ಕಳಿಗೆ ಬಿಟ್ಟು ಉಗಾರ ಬುದ್ರುಕದ ತೋಟದ ಮನೆಗೆ ಬಂದ ಹೊಸತು. ತಂಬಾಕಿನ ಧೂಳಿಗೆ ಬೆಳ್ಳಿ ಕಪ್ಪಾಗುತ್ತದೆ ಎಂದು ಊರು ಬಿಟ್ಟವರು ನೀವೊಬ್ಬರೇ ಇರಬೇಕು. ಅದೇ ಧೂಳಿನಲ್ಲಿ ವಖಾರದ ಹೆಂಗಸರು ದಿನವಿಡೀ ಕೆಮ್ಮುತ್ತ ಕೂತಿದ್ದರಲ್ಲ, ಅವರ ಎದೆ ಕಪ್ಪಾಗುವುದು ನಿಮಗೆ ಯಾಕೆ ಕಾಣಲಿಲ್ಲ? ಇರಲಿ. ಡಬ್ಬಿಯಿಂದ ಒಂದು ರೂಪಾಯಿ ತೆಗೆದು ಮೇಜಿನ ಮೇಲಿಟ್ಟಿರಿ. ನಾನು ಎಲ್ಲರಂತೆ ಎತ್ತಿಕೊಂಡು ಮುಖದ ಮೇಲೆ ಹೆಬ್ಬೆಟ್ಟು ಇಟ್ಟೆ. ಕೈಮೇಲೆ ಫಟ್ಟನೆ ಏಟು ಬಿತ್ತು.

“ಅಂಚ ಹಿಡಿ. ಹೆಬ್ಬಟ್ಟ ತಾಗಿತಂದ್ರ ಅದರ ಜಲ್ಮ ಮುಗೀತು,” ಎಂದಿರಿ.

ಆಗ ನನಗೆ ಮದುವೆಯಾಗಿತ್ತು, ಎರಡು ಮಕ್ಕಳಿದ್ದವು. ಶಾಲೆ ಬಿಟ್ಟ ಮೇಲೆ ಯಾರಿಂದಲೂ ಕೈಮೇಲೆ ಹೊಡೆಸಿಕೊಂಡವನಲ್ಲ. ಆದರೂ ಅಂಚು ಹಿಡಿದೆ. ಇವತ್ತಿಗೂ ಬಸ್ಸಿನ ಕಂಡಕ್ಟರ್ ಕೊಡುವ ಚಿಲ್ಲರೆಯನ್ನೂ ಅಂಚಿನಲ್ಲೇ ಹಿಡಿಯುತ್ತೇನೆ, ನನ್ನ ಹೆಂಡತಿ ನಗುತ್ತಾಳೆ.

ಆಮೇಲಿನ ಭಾನುವಾರಗಳೆಲ್ಲ ನಿಮ್ಮ ಪಡಸಾಲೆಯಲ್ಲಿ ಹೋದವು. ದೀಪವನ್ನು ನೆತ್ತಿಯ ಮೇಲಲ್ಲ, ಪಕ್ಕದಲ್ಲಿ ತಗ್ಗಿಸಿ ಇಡಬೇಕು, ನಾಣ್ಯವನ್ನು ಮೆಲ್ಲಗೆ ಓರೆ ಮಾಡಬೇಕು. ಯಾರೂ ಮುಟ್ಟದ ಬೆಳ್ಳಿಯಾದರೆ ಹೊಳಪು ಮುರಿಯದೆ ಸುತ್ತು ಹಾಕುತ್ತದೆ, ಕೈಯಾಡಿದ್ದಾದರೆ ಎಲ್ಲೋ ಒಂದು ಕಡೆ ತಡೆದು ಸತ್ತುಹೋಗುತ್ತದೆ. ಮೊದಲು ಸವೆಯುವುದು ಎತ್ತರದ ಜಾಗ: ಕಿವಿಯ ಮೇಲಿನ ಕೂದಲು, ಹುಬ್ಬು, ಕೆನ್ನೆ, ಕಿರೀಟದ ತುದಿ. ಪೇಟೆಯವರು ಇಂಗ್ಲಿಷಿನಲ್ಲಿ ಇಟ್ಟ ದರ್ಜೆಗಳು ನಿಮಗೆ ಬೇಕಿರಲಿಲ್ಲ. ನಿಮ್ಮವು ವಖಾರದಿಂದ ಬಂದ ದರ್ಜೆಗಳು. ಯಾರ ಕೈಯೂ ತಾಗದ್ದು ಕೋರಾ. ಒಂದಿಷ್ಟು ಕೈ ಕಂಡದ್ದು ಅರೆಕೋರಾ. ಮುಖ ಉಳಿದು ಮೂಗು ಹೋದದ್ದು ಸವಕಲು. ಅದರಾಚೆಯದು ಚೂರಾ, ತಂಬಾಕು ಕುಟ್ಟಿದ ಮೇಲೆ ನೆಲದಲ್ಲಿ ಉಳಿಯುವ ಕಸ. “ಟಂಕಸಾಲ್ಯಾಗ ಆದದ್ದು ಗಾಯ ಅಲ್ಲ, ಮನಶ್ಯಾನ ಕೈಯಾಗ ಆದದ್ದು ಗಾಯ,” ಎನ್ನುತ್ತಿದ್ದಿರಿ. ಅಚ್ಚೇ ಬಿರಿದು ಮೂಡಿದ ಗೆರೆ ನಾಣ್ಯದ ಹುಟ್ಟುಮಚ್ಚೆ, ಅದಕ್ಕೆ ದರ್ಜೆ ಇಳಿಯುವುದಿಲ್ಲ ಎಂದು ಹೇಳಿಕೊಟ್ಟವರು ನೀವು. ಸುಳ್ಳು ಯಾಕೆ ಹೇಳಲಿ, ಆ ಭಾನುವಾರಗಳಲ್ಲಿ ನಾನು ಸುಖವಾಗಿದ್ದೆ. ನೋಡುವುದು ಎಂದರೇನು ಎಂದು ಕ್ಯಾಮೆರಾ ನನಗೆ ಕಲಿಸಿರಲಿಲ್ಲ, ನೀವು ಕಲಿಸಿದಿರಿ. ಅದಕ್ಕೇ ಸಿಟ್ಟು ಇನ್ನೂ ಇಳಿದಿಲ್ಲ.

ಐನಾಪುರದ ಆ ದ್ರಾಕ್ಷಿ ತೋಟದವರ ಮದುವೆ ನೆನಪಿದೆಯೇ? ನಾನು ಕ್ಯಾಮೆರಾ ಹಿಡಿದಿದ್ದೆ, ನೀವು ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಬರುವ ಬೀಗರಿಗೆಲ್ಲ ದರ್ಜೆ ಕೊಡುತ್ತಿದ್ದಿರಿ. ಇಂವ ಸವಕಲು, ಇಕಿ ತೊಳೆದು ಹೊಳಪು ಬರಿಸಿದ್ದು, ಆ ಮುದುಕ ಚೂರಾ. ನಾನು ನಕ್ಕೆ. ನಗುವವನ ಸರದಿಯೂ ಬರುತ್ತದೆ ಎಂಬ ಬುದ್ಧಿ ಆಗ ಇರಲಿಲ್ಲ. ನಿಮ್ಮ ಹೆಂಡತಿ ಕಾಕೂಗೂ ನೀವು ದರ್ಜೆ ಕೊಡುತ್ತಿದ್ದಿರಿ, ಅವರ ಅಡಿಗೆಗೆ, ನಡಿಗೆಗೆ, ತವರಿಗೆ. ಅವರ ಅವ್ವ ಸಾಯುವಾಗ ಕೊಟ್ಟ ಒಂದೇ ಒಂದು ಬೆಳ್ಳಿ ರೂಪಾಯಿ ಇತ್ತಲ್ಲ, ಕೊರಳಿಗೆ ಕಟ್ಟಲೆಂದು ಬೆಸುಗೆ ಹಾಕಿ ಕೊಂಡಿ ಕೂರಿಸಿದ್ದು. ಒಂದು ಭಾನುವಾರ ಅದನ್ನು ಸೆರಗಿನಲ್ಲಿ ಒರೆಸಿ ನಿಮ್ಮ ಮುಂದಿಟ್ಟು, ನಮ್ಮವ್ವಂದು ಯಾವ ದರ್ಜೆ ಎಂದು ಕೇಳಿದರು. ನೀವು ದೊಡ್ಡದು ಮಾಡಿ ತೋರಿಸುವ ಭಿಂಗದ ಗಾಜು ಕೂಡ ಹಿಡಿಯಲಿಲ್ಲ. “ಚೂರಾ,” ಎಂದಿರಿ, ಬೆರಳಲ್ಲಿ ಆಚೆ ತಳ್ಳಿದಿರಿ. ಕಾಕೂ ಅದನ್ನು ತೆಗೆದುಕೊಂಡು ಒಳಗೆ ಹೋಗಿ ಚಹಾ ತಂದರು. ಚಹಾಕ್ಕೆ ಸಕ್ಕರೆ ಕಡಿಮೆ ಎಂದಿರಿ.

ಆ ದಿನವನ್ನು ನೀವು ಎಷ್ಟು ಜನರಿಗೆ ಹೇಳಿದ್ದೀರೋ, ಈಗ ನನ್ನ ಬಾಯಿಂದ ಒಮ್ಮೆ ಕೇಳಿ. ಆಗಿನ್ನೂ ರೋಲಿನ ಕಾಲ. ಕೊಲ್ಲಾಪುರದ ಕಡೆಯಿಂದ ಆಗಷ್ಟೇ ತಂದ ರಾಣಿ ಛಾಪಿನ ರೂಪಾಯಿಯ ಫೋಟೋ ತೆಗೆಯಲು ನನ್ನನ್ನು ಕರೆಸಿದ್ದಿರಿ. ಯಾವ ಅರಸನ ಖಜಾನೆಯಲ್ಲೋ ಗಂಟು ಬಿಚ್ಚದೆ ಉಳಿದದ್ದು. ಇಡೀ ಬಳಗದಲ್ಲಿ ಅಂಥದು ಯಾರ ಹತ್ತಿರವೂ ಇರಲಿಲ್ಲ. ಅಂಚಿನ ಬಳಿ ಎರಡು ಅಕ್ಷರಗಳ ಪಾದ ಕೂಡಿಸುವ ಕೂದಲೆಳೆಯಷ್ಟು ಉಬ್ಬು ಗೆರೆ; ಅದನ್ನು ನನಗೆ ತೋರಿಸಲು ನೀವು ದೀಪವನ್ನು ಮೂರು ಸಲ ಸರಿಸಿದಿರಿ. ಕಬ್ಬು ಕಡಿದು ಖಾಲಿಯಾಗಿದ್ದ ನಿಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಹಿಂಡು ಹಟ್ಟಿ ಹಾಕಿತ್ತು, ಕುರಿಗಳ ಸದ್ದು ಪಡಸಾಲೆಯವರೆಗೆ ಬರುತ್ತಿತ್ತು. ಫೋಟೋ ಮುಗಿಸಿ ರೂಪಾಯಿಯನ್ನು ಮೇಜಿನ ಮೇಲಿನ ಅರಿವೆಯ ಮೇಲೆ ಇಟ್ಟೆ. ನೀವು ನೋಡಿದಿರಿ. ಆಮೇಲೆ ನೀರಿನ ಪಾಳಿ ಬಂತೆಂದು ಆಳು ಕೂಗಿದ, ನೀವು ಹೊಲಕ್ಕೆ ಹೋದಿರಿ, ನಾನು ಬಸ್ಸು ಹಿಡಿದೆ. ಇಷ್ಟೇ.

ಮರುದಿನ ನನ್ನ ಅಂಗಡಿಯಲ್ಲಿ ಹೈಸ್ಕೂಲಿನ ಹುಡುಗಿಯರು ಪಾಸ್‌ಪೋರ್ಟ್ ಫೋಟೋಕ್ಕೆ ಸಾಲು ನಿಂತಿದ್ದರು. ನೀವು ಒಳಗೆ ಬಂದವರೇ ಕ್ಯಾಮೆರಾದ ಚೀಲ ತೆಗೆದು ನೆಲಕ್ಕೆ ಸುರಿದಿರಿ. ಲೆನ್ಸು ಉರುಳಿಕೊಂಡು ಹೋಗಿ ಬಾಗಿಲಿಗೆ ಬಡಿಯಿತು. ಆಮೇಲೆ ನನ್ನ ಅಂಗಿಯ ಜೇಬಿಗೆ ಕೈ ಹಾಕಿದಿರಿ. ಕಾಕಾ, ಅಂಚು ಹಿಡಿಯಿರಿ ಎಂದು ಹೇಳಬೇಕೆನಿಸಿತ್ತು ನನಗೆ, ಹೇಳಲಿಲ್ಲ. ಏನೂ ಸಿಗದಿದ್ದಾಗ ನನ್ನ ಮುಖ ನೋಡಿದಿರಿ, ನಾಣ್ಯ ನೋಡುವ ಹಾಗೆ, ಓರೆಯಾಗಿ.

“ನಿನ್ನ ನಾ ಕೋರಾ ಅಂತ ತಿಳದಿದ್ನಿ. ಚೂರಾ ಅದಿ ನೀನು,” ಎಂದಿರಿ.

ಇಷ್ಟೇ ಹೇಳಿ ಮೆಟ್ಟಿಲಿಳಿದು ಹೋದಿರಿ. ಪೊಲೀಸರಿಗೆ ಕೊಡಲಿಲ್ಲ, ಅದು ನಿಮ್ಮ ದೊಡ್ಡಸ್ತಿಕೆ ಎಂದು ಬಳಗದವರು ಕೊಂಡಾಡಿದರು. ಕೊಟ್ಟಿದ್ದರೆ ಚೆನ್ನಾಗಿತ್ತು. ಪೊಲೀಸರಾದರೂ ನಿಮ್ಮ ಮನೆಯೊಳಗಿನವರನ್ನು ಒಂದು ಮಾತು ಕೇಳುತ್ತಿದ್ದರು. ನೀವು ಕೇಳಿದಿರಾ? ನಿಮ್ಮ ಹೆಂಡತಿ ಅಡಿಗೆಮನೆಯಲ್ಲಿ ಹತ್ತು ಹೆಜ್ಜೆ ಆಚೆ ಇದ್ದರಲ್ಲ...

ಆಮೇಲೆ ಏನಾಯಿತು ಎಂದು ನಿಮಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದಿರಿ. ಉಗಾರ, ಐನಾಪುರ, ಕಾಗವಾಡದ ಮದುವೆಗಳು ನನ್ನ ಕೈಬಿಟ್ಟವು. ಕರೆದ ಕೆಲವರೂ ನಾನು ವಧುವಿನ ಕೋಣೆಗೆ ಹೋದರೆ ಒಬ್ಬ ಮುದುಕಿಯನ್ನು ಹಿಂದೆ ಕಳಿಸುತ್ತಿದ್ದರು, ದಾಗೀನು ಕಾಯಲು. ಹಿಟ್ಟಿನ ಗಿರಣಿಯಲ್ಲಿ ಒಬ್ಬಾಕೆ ನನ್ನ ಹೆಂಡತಿಗೆ, ಆ ರೂಪಾಯಿ ಮಾರಿದಿರೋ ಕರಗಿಸಿದಿರೋ ಎಂದು ಸಲಿಗೆಯಿಂದಲೇ ಕೇಳಿದಳಂತೆ. ಅವಳು ಅರ್ಧ ಬೀಸಿದ ಜೋಳ ಅಲ್ಲೇ ಬಿಟ್ಟು ಬಂದಳು. ನಾನು ಆ ರಾತ್ರಿ ಊಟ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಅದು ಯಾವ ದರ್ಜೆಯ ಗಾಯ, ಕಾಕಾ? ಟಂಕಸಾಲೆಯದೋ, ಕೈಯದೋ?

ನೀವು ತೀರಿಕೊಂಡ ಸುದ್ದಿ ಬಂದಾಗ ನಾನು ಒಬ್ಬ ಅಜ್ಜನ ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಹಾಕುತ್ತಿದ್ದೆ. ಪೂರ್ತಿ ಹಾಕಿ ಮುಗಿಸಿದೆ. ಮಣ್ಣಿಗೆ ಬರಲಿಲ್ಲ. ಬಳಗದವರ ವಾಟ್ಸಾಪಿನಲ್ಲಿ ನಿಮ್ಮನ್ನು ಹೊಗಳಿ ಹಾಕಿದ್ದನ್ನು ಯಾರೋ ತೋರಿಸಿದರು. ಎಂಥ ಶಿಷ್ಯರನ್ನು ಬಿಟ್ಟು ಹೋಗಿದ್ದೀರಿ. ಅಧ್ಯಕ್ಷರು ಹಳೆಯ ಬೆಳ್ಳಿಯನ್ನು ಹಲ್ಲುಪುಡಿ ಹಾಕಿ ಉಜ್ಜಿ, ನೋಡಿ ಹೇಗೆ ಫಳಫಳ ಅನ್ನುತ್ತದೆ ಎಂದು ತೋರಿಸುತ್ತಾರೆ. ಅಥಣಿಯ ಒಬ್ಬರು ಮೊಬೈಲಿನ ವಿಡಿಯೋ ನಂಬಿ, ಎಲ್ಲರ ಜೇಬಿನಲ್ಲೂ ಇರುವ ಎರಡು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುವವನ ಫೋನಿಗಾಗಿ ಕಾದಿದ್ದಾರೆ. ಕಾಯುತ್ತ ಅವನಿಗೇ ಮುಂಗಡ ಕಟ್ಟಿದ್ದಾರೆ. ಉಳಿದವರು ಪೇಟೆಯ ಕಂಪನಿಗೆ ಕಳಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಣ್ಯ ಮುಚ್ಚಿಸಿಕೊಂಡು ಬರುತ್ತಾರೆ, ಮೇಲೆ ಒಂದು ನಂಬರು. ಆಮೇಲೆ ನಾಣ್ಯ ನೋಡುವುದಿಲ್ಲ, ನಂಬರನ್ನೇ ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಇವರ ಮುಂದೆ ನೀವು ನನ್ನನ್ನು ಕಳ್ಳ ಎಂದಿರಿ. ಇವರು ಹೌದೆಂದು ಗೋಣು ಹಾಕಿದರು.

ಈಗ ಸುದ್ದಿಗೆ ಬರುತ್ತೇನೆ. ನಿಮ್ಮ ಮಗ ಬಂದು ಹೋದ ವಾರದಲ್ಲೇ ರಾಯಬಾಗದಾಚೆಯ ಒಂದು ಕುಬಸಕ್ಕೆ ಫೋಟೋ ತೆಗೆಯಲು ಹೋಗಿದ್ದೆ. ಮಾಯವ್ವ ಎಂಬಾಕೆಯ ಮಗಳು ಸುರೇಖಾ ಏಳು ತಿಂಗಳ ಬಸುರಿ. ಹಿಂದೆ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದ ಮನೆತನ, ಈಗ ಸ್ವಲ್ಪ ಹೊಲ ಮಾಡಿಕೊಂಡು ನಿಂತಿದ್ದಾರೆ, ಕುರಿಯೂ ಇವೆ. ಹಸಿರು ಸೀರೆ, ಹಸಿರು ಬಳೆ, ಆರತಿ, ಎಲ್ಲ ಮುಗಿಯಿತು. ನಾನು ಚೀಲ ಕಟ್ಟುವಾಗ ಮಾಯವ್ವ ದೇವರ ಜಗಲಿಯಿಂದ ಭಂಡಾರದ ಅರಿಶಿನದಲ್ಲಿ ಮುಳುಗಿದ್ದ ಒಂದು ರೂಪಾಯಿ ತಂದು ಅಂಗೈಯಲ್ಲಿ ಹಿಡಿದಳು.

“ಇದರದೂ ಒಂದ್ ಫೋಟೋ ತಗೀರಿ. ನಮ್ಮನ್ಯಾಗಿನ ಕೂಸುಗೋಳೆಲ್ಲಾ ಇದರ ಕೆಳಗ ಬೆಳದಾವು,” ಎಂದಳು.

ಏನೆಂದು ಕೇಳಿದೆ. ಕೂಸಿನ ಹೊಕ್ಕಳ ಬಳ್ಳಿ ಉದುರಿದ ಮೇಲೆ ಹೊಕ್ಕಳು ಉಬ್ಬದಿರಲಿ ಎಂದು ಬೆಳ್ಳಿ ರೂಪಾಯಿ ಇಟ್ಟು ಅರಿವೆ ಕಟ್ಟುತ್ತಾರಲ್ಲ, ಅದಕ್ಕೆ ಇದು. ಮೊದಲು ಸುರೇಖಾಳ ಹೊಟ್ಟೆಗೆ ಕಟ್ಟಿದ್ದು, ಆಮೇಲೆ ಅವಳ ತಮ್ಮನಿಗೆ, ನೆಗೆಣ್ಣಿಯರ ಮಕ್ಕಳಿಗೆ, ಹಟ್ಟಿಯಲ್ಲಿ ಯಾರಿಗೆ ಕೂಸಾದರೂ ಅವರಿಗೆ. ಎಲ್ಲಿಂದ ಬಂತು ಎಂದೆ. ಸುರೇಖಾ ಹೊಟ್ಟೆಯಲ್ಲಿದ್ದಾಗ ಉಗಾರದ ಒಂದು ಕಬ್ಬಿನ ಹೊಲದಲ್ಲಿ ಹಟ್ಟಿ ಹಾಕಿದ್ದರಂತೆ. ತೋಟದ ಮನೆಯ ಅವ್ವಾರು ಮಜ್ಜಿಗೆಗೆ ಹೋದವಳನ್ನು ಬಸುರಿ ಎಂದು ಕಂಡು ಒಳಗೆ ಕರೆದು ಉಡಿ ತುಂಬಿದರಂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಉತ್ತತ್ತಿ, ಮೇಲೆ ಈ ರೂಪಾಯಿ. ಆಗ ಎಷ್ಟು ಬೆಳ್ಳಗಿತ್ತೆಂದರೆ ನೋಡಿದರೆ ಕಣ್ಣು ಕುಕ್ಕುತ್ತಿತ್ತಂತೆ.

ಭಂಡಾರ ಕೊಡವಿ ಭಿಂಗ ಹಿಡಿದು ನೋಡಿದೆ. ನಿಮ್ಮ ದರ್ಜೆಗಾಗಿ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಕಿವಿಯ ಮೇಲಿನ ಕೂದಲು ಹೋಗಿದೆ. ಹುಬ್ಬು ಇಲ್ಲ. ಕೆನ್ನೆ ನುಣ್ಣಗೆ. ಕಿರೀಟ ಬರೀ ಒಂದು ಗುಡ್ಡ. ಅಕ್ಷರಗಳ ಸಂದಿಯಲ್ಲಿ ಅರಿಶಿನ, ಎಳ್ಳೆಣ್ಣೆ, ಕೂಸಿನ ಬೆವರು. ಅಂಚು ಅಡ್ಡ ಇದ್ದುದರಿಂದ ಆ ಎರಡು ಅಕ್ಷರಗಳ ಪಾದ ಮಾತ್ರ ಉಳಿದಿದೆ, ಅವುಗಳನ್ನು ಕೂಡಿಸುವ ಕೂದಲೆಳೆಯ ಗೆರೆ ಉಳಿದಿದೆ. ನಿಮ್ಮ ಹುಟ್ಟುಮಚ್ಚೆ. ಕಾಕಾ, ನಿಮ್ಮ ಕೋರಾ ಚೂರಾ ಆಗಿದೆ. ಅರಸನ ಖಜಾನೆಯಲ್ಲಿ ಯಾರೂ ಮುಟ್ಟದ ರಾಣಿ ಕೂಸುಗಳ ಹೊಕ್ಕಳ ಮೇಲೆ ಕೂತು ಕೂತು ಸವೆದು ಹೋಗಿದ್ದಾಳೆ. ನನಗೆ ನಗು ಬಂತು. ನಗುತ್ತಾ ಕೂತವನ ಕಣ್ಣಲ್ಲಿ ನೀರು ಯಾಕೆ ಬಂತು ಎಂದು ಮಾಯವ್ವ ಕೇಳಿದಳು. ಭಂಡಾರ ಬಿತ್ತು ಎಂದೆ. ಫೋಟೋ ತೆಗೆದೆ, ರೂಪಾಯಿ ವಾಪಸು ಕೊಟ್ಟೆ. ಉಡಿಯಲ್ಲಿ ಬಿದ್ದದ್ದನ್ನು ತಿರುಗಿ ಕೇಳುವ ಕೆಳಮಟ್ಟಕ್ಕೆ ನಾನು ಇಳಿದಿಲ್ಲ.

ಅಲ್ಲಿಂದ ನೇರ ಉಗಾರಕ್ಕೆ, ನಿಮ್ಮ ಮನೆಗೆ ಹೋದೆ. ಇಷ್ಟು ವರ್ಷದ ಮೇಲೆ ಆ ಪಡಸಾಲೆ. ಕಾಕೂ ಕಟ್ಟೆಯ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದರು. ಮೊಬೈಲಿನಲ್ಲಿ ಫೋಟೋ ದೊಡ್ಡದು ಮಾಡಿ ಅವರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು. ಆ ಹುಡುಗಿಗೆ ಏನು ಹುಟ್ಟಿತು ಎಂದು ಕೇಳಿದರು. ಹೆಣ್ಣು, ಈಗ ಅವಳೇ ಬಸುರಿ ಎಂದೆ. ಆಮೇಲೆ ಅವರೇ ಹೇಳಿದರು. ಉಡಿಗೆ ಬಳಸಿದ್ದನ್ನು ಹಾಕುವುದಿಲ್ಲ, ಖಣ ಕೋರಾ ಇರಬೇಕು, ಅಕ್ಕಿ ನುಚ್ಚಿರಬಾರದು, ಬಟ್ಟಲು ಒಡೆದಿರಬಾರದು. ರೂಪಾಯಿ ಹುಡುಕಿದರೆ ತಮ್ಮ ಹತ್ತಿರ ಇದ್ದದ್ದು ಅವ್ವನದು, ಅದನ್ನು ನೀವು ಚೂರಾ ಎಂದಿದ್ದಿರಿ. ಚೂರಾವನ್ನು ಬಸುರಿಯ ಉಡಿಗೆ ಹೇಗೆ ಹಾಕುವುದು? ಮೇಜಿನ ಮೇಲೆ ಒಂದಿತ್ತು. ಅದು ಕೋರಾ ಎಂದು ನೀವು ಮಧ್ಯಾಹ್ನದಿಂದ ಹತ್ತು ಸಲ ಹೇಳಿದ್ದನ್ನು ಅಡಿಗೆಮನೆಯಿಂದ ಕೇಳಿದ್ದರು. ಡಬ್ಬಿ ತುಂಬ ಇದ್ದವಲ್ಲ, ಒಂದು ಹೋದರೇನು ಎಂದು ಹಾಕಿದರು. ಅದರ ಬೆಲೆ ಅವರಿಗೆ ತಿಳಿದದ್ದು ನೀವು ಕೂಗಾಡಿದ ಮೇಲೆ.

“ಗೊತ್ತಾದ ಮ್ಯಾಲೂ ಸುಮ್ಮನಿದ್ರಿ ಕಾಕೂ. ನನಗ ಕಳ್ಳ ಅಂದ್ರು,” ಎಂದೆ. ದನಿ ಏರಿತ್ತು, ಏರಲಿ ಎಂದು ಬಿಟ್ಟೆ.

“ಹೇಳಿದ್ರ ಅವರು ಜೀಪ್ ತಗೊಂಡ್ ಆ ಹುಡಿಗಿ ಬೆನ್ನ ಹತ್ತತಿದ್ರಪಾ. ಬಸರಿ ಉಡ್ಯಾಗ ಕೈ ಹಾಕಿ ಕಸಗೊಂಡ್ ಬರ್ತಿದ್ರು. ಅಕಿ ತಡಕೊಳ್ಳಾಕಿ ಅಲ್ಲ. ನೀ ತಡಕೊಂತಿ ಅನಿಸ್ತು,” ಎಂದರು ಕಾಕೂ.

ಅವರು ಕಾಳು ಸುಲಿಯುವುದನ್ನು ನಿಲ್ಲಿಸಿ, ಯಜಮಾನರು ಹೋದ ಮೇಲಾದರೂ ಹೇಳಬೇಕಿತ್ತು, ಹೆದರಿ ಹೆದರಿ ರೂಢಿಯಾಗಿಬಿಟ್ಟಿದೆ ಎಂದರು. ಸಿಟ್ಟು ಬಂದದ್ದು ನಿಜ. ಅವರ ಮೇಲೂ ಬಂತು. ಆದರೆ ನಿಮ್ಮ ಮೇಲೆ ಬಂದಷ್ಟು ಬರಲಿಲ್ಲ. ಒಂದು ರೂಪಾಯಿ ಉಡಿಗೆ ಹೋಯಿತು ಎಂಬ ಮಾತನ್ನು ಗಂಡನಿಗೆ ಹೇಳಲು ಹೆಂಡತಿ ಒಂದು ಇಡೀ ಆಯುಷ್ಯ ಹೆದರಿದಳಲ್ಲ, ಆ ಮನೆಯ ಯಜಮಾನನಿಗೆ ಯಾವ ದರ್ಜೆ? ನೀವು ನನ್ನನ್ನು ಭಿಂಗ ಹಿಡಿದು ನೋಡಿ ಚೂರಾ ಎಂದಿರಿ. ಅವರು ಅಡಿಗೆಮನೆಯ ಬಾಗಿಲಿನಿಂದ ನೋಡಿ, ಇವನು ಸವೆಯುತ್ತಾನೆ, ಮುರಿಯುವುದಿಲ್ಲ ಎಂದು ಕಂಡುಕೊಂಡರು. ಅವರು ನೋಡಿದ್ದು ಸರಿಯಾಗಿತ್ತು. ಅದಕ್ಕಾಗಿ ಅವರನ್ನು ಕ್ಷಮಿಸಬೇಕೋ ಬೇಡವೋ ಇನ್ನೂ ತಿಳಿದಿಲ್ಲ. ಅವರು ಕೊಟ್ಟ ಚಹಾ ಕುಡಿದೆ. ಸಕ್ಕರೆ ಸರಿಯಾಗಿತ್ತು.

ನಿಮ್ಮ ಪ್ರದರ್ಶನ ಚೆನ್ನಾಗಿ ಆಯಿತು, ಕೇಳಿ ಸಂತೋಷಪಡಿ. ಫೋಟೋಗಳನ್ನು ನಾನೇ ತೆಗೆದುಕೊಟ್ಟೆ, ಓರೆ ಬೆಳಕಿನಲ್ಲಿ. ಚಿಕ್ಕೋಡಿಯ ಸಭಾಗೃಹದಲ್ಲಿ ನಿಮ್ಮ ಭಾವಚಿತ್ರಕ್ಕೆ ಹಾರ, ಪಕ್ಕದಲ್ಲಿ ತಟ್ಟೆಗಳು. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಜನ ಮುತ್ತಿದ್ದು ಖಾಲಿ ಗುಳಿಯನ್ನೇ. ಚೀಟಿ ಓದುತ್ತಿದ್ದರು, ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ನನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ, ಅವಳು ಗೋಡೆ ಹಿಡಿದು ನಿಂತಿದ್ದಳು. ಕಾಕೂ ಮೊಮ್ಮಗಳ ಕೈ ಹಿಡಿದು ಬಂದರು. ಮೈಕಿನಲ್ಲಿ ನಿಮ್ಮ ಗುಣಗಾನ ನಡೆದಿತ್ತು. ಅವರು ಅದಕ್ಕೆ ಕಾಯಲಿಲ್ಲ. ತಟ್ಟೆಯ ಹತ್ತಿರ ಹೋಗಿ ನಿಮ್ಮ ಚೀಟಿ ಕಿತ್ತು, ಮಗನ ಜೇಬಿನಿಂದ ಪೆನ್ನು ತೆಗೆದು, ಚೀಟಿಯ ಹಿಂದೆ ಒಂದೊಂದೇ ಅಕ್ಷರ ಕೂಡಿಸಿ ಬರೆದು ಗುಳಿಯಲ್ಲಿ ಇಟ್ಟರು: ‘ಉಡಿಗೆ ಹಾಕಿದ್ದು.’ ಮಗ ಅವ್ವಾ, ಅವ್ವಾ ಎನ್ನುತ್ತಿದ್ದ.

“ಫೋಟೋದಾಂವ ಒಯ್ದಿಲ್ಲ. ಕುರಿಯವರ ಬಸರಿಗೆ ನಾನ ಕೊಟ್ಟೀನಿ. ಕೋರಾ ಇತ್ತು, ಅದಕ್ಕ ಕೊಟ್ಟೀನಿ,” ಎಂದರು ಕಾಕೂ. ಮೈಕು ಬೇಕಾಗಲಿಲ್ಲ.

ನನ್ನ ಹೆಂಡತಿ ಗೋಡೆ ಬಿಟ್ಟಳು. ಅಷ್ಟು ನೋಡಿದ್ದು ನನಗೆ ಸಾಕಾಯಿತು. ನಿಮ್ಮ ಬಳಗ ಏನು ಮಾಡಿತು ಎಂದು ಕೇಳುತ್ತೀರಾ? ತಪ್ಪಾಯಿತು ಎಂದು ಒಬ್ಬನೂ ಹೇಳಲಿಲ್ಲ. ಅಧ್ಯಕ್ಷರು ನನ್ನನ್ನು ಕಂಬದ ಹಿಂದೆ ಕರೆದೊಯ್ದು ಆ ಹೆಂಗಸು ಎಲ್ಲಿದ್ದಾಳೆ ಎಂದು ಪಿಸುಗುಟ್ಟಿದರು. ಎಷ್ಟು ಸವೆದಿದ್ದರೂ ನಡೆಯುತ್ತದಂತೆ, ಇಂಥ ಕಥೆ ಇರುವ ನಾಣ್ಯಕ್ಕೆ ಈಗ ಬೇರೆಯೇ ಗಿರಾಕಿ ಇದ್ದಾರಂತೆ, ತಮ್ಮ ಹತ್ತಿರ ಒಳ್ಳೆಯ ಹಲ್ಲುಪುಡಿಯೂ ಇದೆಯಂತೆ. ಅಥಣಿಯವರು ಫೋನ್ ನಂಬರು ಕೇಳಿದರು. ಕುರಿಯವರಲ್ಲವೇ, ಎಲ್ಲಿ ಹೋದರೋ ಎಂದೆ. ಇವರಿಗೆ ಅಷ್ಟು ಸಾಕು, ಕುರಿಯವರೆಂದರೆ ಎಲ್ಲರೂ ಒಂದೇ ಇವರ ಕಣ್ಣಿಗೆ. ನಿಮಗೆ ಕೊಡುವ ಮಾತು ಇದೊಂದೇ: ನಾನಿರುವ ತನಕ ಆ ಮನೆಯ ದಾರಿ ನಿಮ್ಮ ಶಿಷ್ಯರಿಗೆ ಸಿಗುವುದಿಲ್ಲ, ನಿಮ್ಮ ಮಕ್ಕಳಿಗೂ ಸಿಗುವುದಿಲ್ಲ.

ಕೊನೆಯ ಸುದ್ದಿ. ನಿನ್ನೆ ಮಾಯವ್ವ ಫೋನ್ ಮಾಡಿದ್ದಳು. ಸುರೇಖಾಳಿಗೆ ಹೆಣ್ಣು ಕೂಸು. ಹೊಕ್ಕಳ ಬಳ್ಳಿ ಇನ್ನೂ ಉದುರಿಲ್ಲ, ಉದುರಿದ ದಿನ ರೂಪಾಯಿ ಕಟ್ಟುತ್ತಾರೆ, ಆ ಫೋಟೋ ತೆಗೆಯಲು ಬಾ ಎಂದಳು. ಕಾಕೂ ತಮ್ಮನ್ನೂ ಕರೆದುಕೊಂಡು ಹೋಗು ಎಂದಿದ್ದಾರೆ. ಅವ್ವನ ಕೊಂಡಿ ರೂಪಾಯಿಯನ್ನು ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ, ಈ ಸಲ ಸುರೇಖಾಳ ಉಡಿಗೆ ಅದೇ ಹೋಗುತ್ತದಂತೆ, ಯಾವ ದರ್ಜೆಯೆಂದು ಯಾರನ್ನೂ ಕೇಳುವುದಿಲ್ಲವಂತೆ. ಜಗಲಿಯಿಂದ ನಿಮ್ಮ ರಾಣಿಯನ್ನು ಎತ್ತಿ ಬಾಣಂತಿಯ ಕೈಗೆ ಕೊಡುವ ಕೆಲಸ ನನಗೆ ಬಿಟ್ಟಿದ್ದಾರೆ. ನೀವೇನೂ ಚಿಂತೆ ಮಾಡಬೇಡಿ, ಕಾಕಾ. ಅಂಚು ಹಿಡಿದೇ ಕೊಡುತ್ತೇನೆ.

ನಿಮ್ಮ
ಫೋಟೋದಾಂವ